ಕಟ್ಟಡಗಳ ಬಾಲ್ಯಚಿತ್ರ

ಮನುಷ್ಯನಿಗೆ ಬಾಲ್ಯವಿರುವಂತೆ ಕಟ್ಟಡಕ್ಕೂ ಒಂದು ಬಾಲ್ಯವುಂಟು. ನಾವು ಹುಟ್ಟುವ ಮೊದಲೇ ನಿಂತಿದ್ದ ಗೋಡೆಗಳನ್ನು ಕಂಡು ಅವು ಎಂದೆಂದಿಗೂ ಹಾಗೆಯೇ ಇದ್ದುವೆಂದು ಭಾವಿಸುತ್ತೇವೆ. ಅಂಗಳದ ಬೇವಿನ ಮರ, ಗೋಡೆಯ ಮೇಲಿನ ಮಳೆಯ ಕಪ್ಪು, ಸವೆದ ಮೆಟ್ಟಿಲು ಇವೆಲ್ಲವೂ ಕಟ್ಟಡದೊಡನೆ ಹುಟ್ಟಿದವೆಂದೇ ನಮ್ಮ ಎಣಿಕೆ. ಒಂದು ದಿನ ಆ ಕಟ್ಟಡ ಹೊಸತಾಗಿದ್ದಾಗ ತೆಗೆದ ಚಿತ್ರವೊಂದು ಕೈಗೆ ಬರುತ್ತದೆ. ಅದರಲ್ಲಿ ಮರವಿಲ್ಲ, ನೆರಳಿಲ್ಲ, ಸುತ್ತಲೂ ಬರಿಯ ಬಯಲು. ಬಯಲ ನಡುವೆ ಸುಣ್ಣದ ಬಿಳುಪು ಇನ್ನೂ ಮಾಸದ ಗೋಡೆಗಳು. ಹಿರಿಯರ ಬಾಲ್ಯದ ಚಿತ್ರವನ್ನು ಕಂಡಾಗ ಆಗುವಂತಹ ಅಚ್ಚರಿಯೂ ಪ್ರೀತಿಯೂ ಆಗ ನಮ್ಮಲ್ಲಿ ಮೂಡುತ್ತವೆ.

ಇಂತಹ ಚಿತ್ರಗಳನ್ನು ಅರಸಿ ನೋಡುವ ಹವ್ಯಾಸ ನನಗೆ ಬಹುಕಾಲದಿಂದ ಇದೆ. ಶಾಲಾ ಶಿಕ್ಷಕನಾಗಿದ್ದ ನನಗೆ ಇತಿಹಾಸವನ್ನು ಮಕ್ಕಳಿಗೆ ಹೇಳುವಾಗ ನೂರು ಮಾತಿಗಿಂತ ಒಂದು ಚಿತ್ರ ಹೆಚ್ಚು ನೆರವಾಗುತ್ತಿತ್ತು. ನಿವೃತ್ತಿಯ ನಂತರ ಬಿಡುವು ದೊರೆತುದರಿಂದ ಈ ಚಿತ್ರಗಳ ಬಗೆಗೆ ಸ್ವಲ್ಪ ಆಳವಾಗಿ ಯೋಚಿಸುವ ಅವಕಾಶ ಒದಗಿತು. ಹಾಗೆ ಯೋಚಿಸಿದಾಗ ತೋರಿದ ಕೆಲವು ವಿಚಾರಗಳನ್ನು ಶ್ರೀಮಠದ ಭಕ್ತರ ಮತ್ತು ಹಳೆಯ ವಿದ್ಯಾರ್ಥಿಗಳ ಮುಂದೆ ಇಡುವುದು ಈ ಲೇಖನದ ಉದ್ದೇಶ.

ನಮ್ಮ ಕಲಬುರಗಿಯಿಂದಲೇ ಆರಂಭಿಸೋಣ. ಕೋಟೆಯೊಳಗಿನ ಜಾಮಿ ಮಸೀದಿ ಈ ನಾಡಿನ ಅಪೂರ್ವ ಕಟ್ಟಡಗಳಲ್ಲಿ ಒಂದು. ಪೂರ್ವ ಪಶ್ಚಿಮವಾಗಿ 216 ಅಡಿ, ಉತ್ತರ ದಕ್ಷಿಣವಾಗಿ 176 ಅಡಿ ವಿಸ್ತಾರದ ಅದಕ್ಕೆ ತೆರೆದ ಅಂಗಳವೇ ಇಲ್ಲ. ಇಡೀ ವಿಸ್ತಾರವೂ ಗುಮ್ಮಟಗಳ ಮತ್ತು ಕಮಾನುಗಳ ಮಾಡಿನ ಅಡಿಯಲ್ಲಿದೆ. ಅದು ಹೊಸತಾಗಿದ್ದಾಗ ಹೇಗೆ ಕಾಣುತ್ತಿತ್ತೆಂಬುದಕ್ಕೆ ಚಿತ್ರವಿಲ್ಲ. ಛಾಯಾಗ್ರಾಹಕರು ಅದರ ಮುಂದೆ ತಮ್ಮ ಪೆಟ್ಟಿಗೆಗಳನ್ನು ಇರಿಸುವ ವೇಳೆಗೆ ಅದಕ್ಕೆ ಐನೂರು ವರ್ಷ ತುಂಬಿತ್ತು. ಆದರೆ ಚಿತ್ರ ಹೇಳಲಾರದ ಒಂದು ಸಂಗತಿಯನ್ನು ಅಲ್ಲಿಯ ಶಾಸನ ಹೇಳುತ್ತದೆ. ಹಿಜರಿ 769ರಲ್ಲಿ, ಎಂದರೆ ಕ್ರಿ. ಶ. 1367ರಲ್ಲಿ, ಕಜ್ವೀನ್ ಊರಿನ ಮನ್ಸೂರನ ಮಗನಾದ ಶಮ್ಸನ ಮಗ ರಫಿ ಎಂಬವನು ಇದನ್ನು ಕಟ್ಟಿದನೆಂದು ಅದು ಸಾರುತ್ತದೆ. ಚಿತ್ರವಿಲ್ಲದಿದ್ದರೂ ಕಟ್ಟಿದವನ ಹೆಸರು ಉಳಿದಿದೆ.

ಕನ್ನಡ ನಾಡಿನಲ್ಲಿ ಈ ಪದ್ಧತಿ ಇನ್ನೂ ಹಳೆಯದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದಳು. ಅದರ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರನ್ನು ಶಾಸನ ಬಿರುದುಗಳ ಸಹಿತ ಕೊಂಡಾಡುತ್ತದೆ. ಬೇಲೂರಿನ ಮದನಿಕೆಗಳ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರಿದೆ. ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಮಹಾದೇವ ದಂಡನಾಯಕನು 1112ರಲ್ಲಿ ಕಟ್ಟಿಸಿದ ಗುಡಿಯನ್ನು ಅಲ್ಲಿಯ ಶಾಸನ ದೇವಾಲಯ ಚಕ್ರವರ್ತಿಯೆಂದು ಕರೆಯಿತು. ಹೊಸ ಕಟ್ಟಡವನ್ನು ಕಂಡವರ ಹಿಗ್ಗು ಆ ಎರಡು ಪದಗಳಲ್ಲಿ ಇಂದಿಗೂ ಬಾಡದೆ ಉಳಿದಿದೆ. ಚಿತ್ರವಿಲ್ಲದ ಕಾಲದಲ್ಲಿ ಕಟ್ಟಡದ ಬಾಲ್ಯವನ್ನು ಕಾಪಾಡಿದವು ಅಕ್ಷರಗಳೇ ಎಂಬುದನ್ನು ನಾವು ನೆನಪಿನಲ್ಲಿ ಇಡಬೇಕು.

ಅನಂತರ ಕುಂಚದ ಚಿತ್ರಗಳು ಬಂದವು. ಬೆಂಗಳೂರಿನ ಕೋಟೆಯ ಬಳಿಯಿರುವ ಟಿಪ್ಪುವಿನ ಅರಮನೆ 1791ರಲ್ಲಿ ಪೂರ್ಣಗೊಂಡಿತು. ಅದೇ ವರ್ಷ ಕೋಟೆ ಇಂಗ್ಲಿಷರ ವಶವಾಯಿತು. ಆ ದಂಡಿನ ಜೊತೆಗಿದ್ದ ಫಿರಂಗಿ ದಳದ ಅಧಿಕಾರಿ ಜೇಮ್ಸ್ ಹಂಟರ್ ಆ ಹೊಸ ಅರಮನೆಯನ್ನು ಚಿತ್ರಿಸಿದನು. ಮುಂದಿನ ವರ್ಷವೇ ಆತ ತೀರಿಕೊಂಡನು. ಅವನ ಚಿತ್ರಗಳು 1804 ಮತ್ತು 1805ರಲ್ಲಿ ಲಂಡನ್ ನಗರದಲ್ಲಿ ಅಚ್ಚಾದವು. ಕಟ್ಟಿಸಿದವನ ಕೈತಪ್ಪಿದ ಅರಮನೆಯ ಹೊಸತನವನ್ನು ಗೆದ್ದವರ ಕಡೆಯವನೊಬ್ಬನು ಉಳಿಸಿಕೊಟ್ಟನೆಂಬುದು ಇತಿಹಾಸದ ವಿಚಿತ್ರಗಳಲ್ಲಿ ಒಂದು. ಹಳೆಯ ಚಿತ್ರವನ್ನು ನೋಡುವಾಗ ಅದನ್ನು ಯಾರು, ಯಾವ ನಿಲುವಿನಿಂದ ನೋಡಿದರು ಎಂದು ಕೇಳಿಕೊಳ್ಳುವುದು ಆದುದರಿಂದ ಅವಶ್ಯಕ.

ಛಾಯಾಚಿತ್ರದ ಕತೆ ಬೇರೆ. 1838ರಲ್ಲಿ ಪ್ಯಾರಿಸ್ ನಗರದಲ್ಲಿ ಡಾಗೇರ್ ಎಂಬವನು ತನ್ನ ಮನೆಯ ಕಿಟಕಿಯಿಂದ ಒಂದು ರಾಜಬೀದಿಯ ಚಿತ್ರವನ್ನು ತೆಗೆದನು. ಆ ಬೀದಿ ಜನರಿಂದಲೂ ಗಾಡಿಗಳಿಂದಲೂ ಕಿಕ್ಕಿರಿಯುತ್ತಿದ್ದ ಬೀದಿ. ಚಿತ್ರದಲ್ಲಾದರೋ ಅದು ಬಹುಮಟ್ಟಿಗೆ ಬರಿದಾಗಿ ಕಾಣುತ್ತದೆ. ಬೆಳಕು ಫಲಕದ ಮೇಲೆ ಅಚ್ಚೊತ್ತಲು ಆ ಕಾಲದಲ್ಲಿ ಹಲವು ನಿಮಿಷಗಳೇ ಬೇಕಾಗುತ್ತಿದ್ದವು. ಅಷ್ಟು ಹೊತ್ತು ಅಲುಗದೆ ನಿಂತ ಮನೆಗಳು ಮೂಡಿದವು, ನಡೆದುಹೋದವರು ಮೂಡಲಿಲ್ಲ. ಇಬ್ಬರು ಮಾತ್ರ ಗುರುತಿಸುವಷ್ಟು ಉಳಿದರು. ಒಬ್ಬನು ಬೂಟು ಉಜ್ಜಿಸಿಕೊಳ್ಳಲು ನಿಂತವನು, ಇನ್ನೊಬ್ಬನು ಅವನ ಕಾಲ ಬಳಿ ಬಾಗಿ ಕೆಲಸದಲ್ಲಿ ತೊಡಗಿದವನು. ಛಾಯಾಚಿತ್ರದಲ್ಲಿ ಉಳಿದು ಬಂದಿರುವ ಮೊತ್ತಮೊದಲ ಮನುಷ್ಯರು ಇವರೆಂದು ಬಲ್ಲವರು ಹೇಳುತ್ತಾರೆ. ಇದನ್ನು ಓದಿದಾಗ ಕಲ್ಯಾಣದ ಹರಳಯ್ಯನವರ ನೆನಪು ನನಗೆ ತಾನಾಗಿಯೇ ಬಂದಿತು. ತನ್ನ ಕಾಯಕದಲ್ಲಿ ಮೈಮರೆತು ಬಾಗಿದವನೊಬ್ಬನು, ಬೀದಿಯ ಸಿರಿವಂತರೆಲ್ಲರೂ ಅಳಿದ ಚಿತ್ರದಲ್ಲಿ, ಉಳಿದುಕೊಂಡನು.

ನಮ್ಮ ಶರಣರು ಸ್ಥಾವರಕ್ಕಿಂತ ಜಂಗಮವನ್ನು ಹಿರಿದೆಂದು ಬಗೆದರು. ಹಳೆಯ ಛಾಯಾಚಿತ್ರದ ಫಲಕವು ಇದಕ್ಕೆ ತೀರ ವಿರುದ್ಧವಾದ ನ್ಯಾಯವನ್ನು ಅನುಸರಿಸಿತು. ಅಲ್ಲಿ ನಿಂತದ್ದು ಉಳಿಯಿತು, ನಡೆದದ್ದು ಅಳಿಯಿತು. ಹತ್ತೊಂಬತ್ತನೆಯ ಶತಮಾನದ ಹೊಸ ಕಟ್ಟಡಗಳ ಚಿತ್ರಗಳು ನಿರ್ಜನವಾಗಿ ತೋರುವುದಕ್ಕೆ ಇದೂ ಒಂದು ಕಾರಣ. ಮುಂದೆ ಉಪಕರಣಗಳು ಸುಧಾರಿಸಿದವು. ಓಡುವ ಕುದುರೆಯನ್ನೂ ಹಿಡಿಯಬಲ್ಲಷ್ಟು ಚುರುಕಾದವು. ಆದರೂ ಹೊಸ ಕಟ್ಟಡದ ಚಿತ್ರದಲ್ಲಿ ಕಟ್ಟಿದವರು ಕಾಣಿಸಿಕೊಳ್ಳಲಿಲ್ಲ. ಮೊದಲು ಯಂತ್ರದ ದೌರ್ಬಲ್ಯ ಅವರನ್ನು ಅಳಿಸಿತ್ತು. ಆಮೇಲೆ ಅವರನ್ನು ಚಿತ್ರಕ್ಕೆ ಕರೆಯುವವರೇ ಇರಲಿಲ್ಲ.

ಇದರಿಂದ ಈ ಚಿತ್ರಗಳ ಬೆಲೆ ಕಡಿಮೆಯೆಂದು ಯಾರೂ ತಿಳಿಯಬಾರದು. ಸ್ಥಾವರದ ವಿಷಯದಲ್ಲಿ ಅವುಗಳ ಸಾಕ್ಷ್ಯ ನಂಬತಕ್ಕದ್ದು. ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಅರಿಯದವರಿಲ್ಲ; 2017ರಿಂದ ಬಂದ ಐವತ್ತು ರೂಪಾಯಿಯ ನೋಟಿನ ಮೇಲೆ ಅದು ಎಲ್ಲರ ಕಿಸೆಗೂ ಬಂದಿದೆ. ಆ ರಥದ ಮೇಲೆ ಹಿಂದೆ ಇಟ್ಟಿಗೆಯ ಶಿಖರವೊಂದಿತ್ತೆಂಬುದನ್ನು ಇಂದು ನೋಡುವವರು ಊಹಿಸಲಾರರು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಚಿತ್ರದಲ್ಲಿ ಆ ಶಿಖರ ಸ್ಪಷ್ಟವಾಗಿ ಇದೆ. ರಥ ಆಗಲೇ ಹಳೆಯದಾಗಿತ್ತು. ಆದರೂ ಕಟ್ಟಿದವರ ಕಲ್ಪನೆಗೆ ಇಂದಿನ ರೂಪಕ್ಕಿಂತ ಆ ಚಿತ್ರವೇ ಹತ್ತಿರ. ಚಿತ್ರವಿಲ್ಲದಿದ್ದರೆ ರಥ ಮೊದಲಿನಿಂದಲೂ ಬೋಳಾಗಿತ್ತೆಂದೇ ನಾವು ವಾದಿಸುತ್ತಿದ್ದೆವು. ಮೈಸೂರಿನಲ್ಲಿಯೂ ಹೀಗೆಯೇ. ಈಗಿನ ಅರಮನೆಯ ಜಾಗದಲ್ಲಿದ್ದ ಮರದ ಅರಮನೆ 1897ರಲ್ಲಿ ಬೆಂಕಿಗೆ ಆಹುತಿಯಾಯಿತು. ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಹೊಸ ಅರಮನೆ 1912ರಲ್ಲಿ ಮುಗಿಯಿತು. ಹಳೆಯದರ ಮುಖವನ್ನು ಇಂದು ನಾವು ಚಿತ್ರಗಳಲ್ಲಿ ಮಾತ್ರ ಕಾಣಬಲ್ಲೆವು.

ವಿಧಾನಸೌಧದ ಚಿತ್ರವಂತೂ ನಮ್ಮ ಭಾಗದವರಿಗೆ ಬೇರೊಂದು ಅರ್ಥವುಳ್ಳದ್ದು. 1951ರ ಜುಲೈ 13ರಂದು ಜವಾಹರಲಾಲ್ ನೆಹರೂ ಅವರು ಅದಕ್ಕೆ ಅಡಿಗಲ್ಲು ಇಟ್ಟರು. ಕೆಂಗಲ್ ಹನುಮಂತಯ್ಯನವರು ಮೊದಲಿನ ಸರಳ ನಕ್ಷೆಯನ್ನು ಬದಿಗಿಟ್ಟು ಭವ್ಯವಾದ ರೂಪವನ್ನು ಬಯಸಿದರು, ಬಿ. ಆರ್. ಮಾಣಿಕ್ಯಂ ಅವರು ಆ ಬಯಕೆಗೆ ಆಕಾರ ಕೊಟ್ಟರು. ಸುಮಾರು 700 ಅಡಿ ಉದ್ದ, 350 ಅಡಿ ಅಗಲದ ಆ ಸೌಧ 1956ರಲ್ಲಿ ಸಿದ್ಧವಾಯಿತು. ಅದೇ ವರ್ಷ ನವೆಂಬರ್ 1ರಂದು ಹೈದರಾಬಾದ್ ರಾಜ್ಯದಿಂದ ಬಿಡಿಸಿಕೊಂಡ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ಕನ್ನಡ ರಾಜ್ಯಕ್ಕೆ ಸೇರಿದವು. ನಮ್ಮ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಆ ಹೊಸ ಸೌಧದ ಚಿತ್ರವಿತ್ತು. ಅಲ್ಲಿಯವರೆಗೆ ದೊಡ್ಡ ಕಚೇರಿಯೆಂದರೆ ಹೈದರಾಬಾದ್ ಎಂದು ತಿಳಿದಿದ್ದ ನಮ್ಮ ತಂದೆಯವರು ಆ ಚಿತ್ರವನ್ನು ತೋರಿಸಿ, ಇನ್ನು ಮುಂದೆ ನಮ್ಮ ದೂರು ದುಮ್ಮಾನಗಳೆಲ್ಲ ಇಲ್ಲಿಗೆ ಹೋಗುತ್ತವೆ ಎಂದು ಹೇಳಿದ್ದರು. ಚಿತ್ರದಲ್ಲಿ ಸೌಧದ ಮುಂದೆ ಬರಿಯ ನೆಲವಿತ್ತು. ಸಾವಿರಾರು ಕೂಲಿಕಾರರು, ಕಲ್ಲುಕುಟಿಗರು, ಅವರೊಡನೆ ಸೆರೆಮನೆಯ ಕೈದಿಗಳು ಸಹ ಅದಕ್ಕಾಗಿ ದುಡಿದಿದ್ದರೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ. ಕ್ಯಾಲೆಂಡರಿನ ಚಿತ್ರ ಅದನ್ನು ಹೇಳಿರಲಿಲ್ಲ.

ಈಗ ನಮ್ಮ ಊರಿನ ಮೋಮಿನಪುರಕ್ಕೆ ಬರೋಣ. ಮೋಮಿನ್ ಎಂದರೆ ನಂಬಿಕೆಯುಳ್ಳವನು ಎಂದು ಅರ್ಥ. ದಖ್ಖನಿನ ಅನೇಕ ಊರುಗಳಲ್ಲಿ ಮುಸಲ್ಮಾನ ನೇಕಾರರು ಈ ಹೆಸರಿನಿಂದ ತಮ್ಮನ್ನು ಕರೆದುಕೊಂಡರು. ನೇಕಾರಿಕೆ ನಮಗೂ ಪವಿತ್ರವಾದ ಕಾಯಕವೇ. ಜೇಡರ ದಾಸಿಮಯ್ಯನವರ ಮುದನೂರು ನಮ್ಮ ಈ ಸೀಮೆಯದೇ ಊರು. 1880ರ ದಶಕದಲ್ಲಿ ನಿಜಾಮ ಮಹಬೂಬ್ ಅಲಿ ಖಾನರ ಹೆಸರು ಹೊತ್ತ ಮಹಬೂಬ್ ಶಾಹಿ ಗಿರಣಿ ಕಲಬುರಗಿಯಲ್ಲಿ ಏರಿತು. ಎಂ.ಎಸ್.ಕೆ. ಮಿಲ್ ಎಂದು ನಾವೆಲ್ಲ ಕರೆಯುತ್ತಿದ್ದ ಆ ಗಿರಣಿಯ ಸದ್ದು ನಿಂತು ಬಹುಕಾಲವಾಯಿತು. ಹೆಸರು ಮಾತ್ರ ಸುತ್ತಲಿನ ಬಡಾವಣೆಗೂ ರಸ್ತೆಗೂ ಉಳಿದಿದೆ.

ಮೋಮಿನಪುರದ ಒಂದು ಓಣಿಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ವೃತ್ತಿಯನ್ನು ಐವತ್ತು ವರ್ಷ ನಡೆಸಿದ ಹಿರಿಯರೊಬ್ಬರಿದ್ದಾರೆ. ನಾನು ಅವರನ್ನು ಚಾಚಾ ಎಂದೇ ಕರೆಯುತ್ತೇನೆ. ಅವರ ಅಜ್ಜ ಮಗ್ಗದ ಮುಂದೆ ಕುಳಿತವರು. ತಂದೆ ಮಗ್ಗ ಬಿಟ್ಟು ಗೌಂಡಿ ಕೆಲಸ ಹಿಡಿದವರು. ನಾನು ಪಾಠ ಹೇಳಿದ ಶಾಲೆಯ ಹಳೆಯ ಕಟ್ಟಡವನ್ನು ಕಟ್ಟಿದವರಲ್ಲಿ ಅವರ ತಂದೆಯೂ ಒಬ್ಬರು. ಕೆಲವು ವರ್ಷಗಳ ಹಿಂದೆ ಹೊಸ ಕಟ್ಟಡಕ್ಕಾಗಿ ಆ ಹಳೆಯದನ್ನು ಕೆಡವಲಾಯಿತು. ಶಹಾಬಾದ್ ಕಲ್ಲಿನ ಹಾಸುಗಳು ಲಾರಿಗಳಲ್ಲಿ ಹೋದವು. ಆ ವಾರವೇ ಚಾಚಾ ನನಗೆ ಹೇಳಿ ಕಳುಹಿಸಿದರು. ನಾನು ಹೋದಾಗ ಅವರು ಪೆಟ್ಟಿಗೆಯಿಂದ ಒಂದು ದಪ್ಪ ರಟ್ಟಿನ ಚಿತ್ರವನ್ನು ತೆಗೆದು ನನ್ನ ಕೈಗಿತ್ತರು. ಶಾಲೆ ಪ್ರಾರಂಭವಾದ ದಿನದ ಚಿತ್ರವದು. ಮುಂದೆ ಕುರ್ಚಿಗಳ ಸಾಲು. ನಡುವೆ ಅಧಿಕಾರಿಗಳು, ಎರಡೂ ಕಡೆ ಊರಿನ ಗಣ್ಯರು. ಹಿಂದೆ ಹೊಸ ಗೋಡೆ.

“ಮಾಸ್ತರ್ರೇ, ಇದ್ರಾಗ ನಮ್ಮ ಅಬ್ಬಾ ಹಾರ್ರೀ. ಖರೇ, ಕಾಣಂಗಿಲ್ಲ” ಎಂದರು ಚಾಚಾ.

ನಾನು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅವರು ಮೇಲಿನ ಕಟಾಂಜನದ ಬಲತುದಿಯ ಕಡೆಗೆ ಬೆರಳು ಮಾಡಿದರು. “ಇಲ್ಲಿ ನೋಡ್ರಿ, ಈ ಮೂಲ್ಯಾಗ ಗ್ವಾಡಿ ಕರ್ರಗ ಕಾಣತದಲ್ಲ, ಅದು ಹಸಿ ಗಚ್ಚು. ಹಿಂದಿನ ರಾತ್ರಿ ಕಂದೀಲು ಹಚ್ಚಿಕೊಂಡು ಮುಗಿಸಿದ್ರಂತ. ಅದು ಅಬ್ಬಾನ ಕೈ.”

ನಿಜವಾಗಿಯೂ ಅಲ್ಲಿ ಒಂದು ಮೊಳದಷ್ಟು ಗೋಡೆ ಉಳಿದ ಭಾಗಕ್ಕಿಂತ ಕಪ್ಪಾಗಿತ್ತು. ಎರಡು ದಿನ ಬಿಟ್ಟು ಚಿತ್ರ ತೆಗೆದಿದ್ದರೆ ಗಚ್ಚು ಒಣಗಿ ಎಲ್ಲವೂ ಒಂದೇ ಬಣ್ಣವಾಗುತ್ತಿತ್ತು. ಇಪ್ಪತ್ತು ವರ್ಷ ಆ ಗೋಡೆಯ ಕೆಳಗೆ ಓಡಾಡಿದ ನನಗೆ ಅದು ಎಂದೂ ಕಂಡಿರಲಿಲ್ಲ; ಕಾಣುವಂತೆಯೂ ಇರಲಿಲ್ಲ. ಗೋಡೆಯೇ ಇಲ್ಲವಾದ ಮೇಲೆ ಆ ಗೌಂಡಿಯ ಕೈಗುರುತು ಆ ಒಂದು ಚಿತ್ರದಲ್ಲಿ ಮಾತ್ರ ಉಳಿದಿದೆ.

ಚಿತ್ರದ ಹಿಂಭಾಗದಲ್ಲಿ ಉರ್ದುವಿನ ಮೂರು ಸಾಲುಗಳಿದ್ದವು. ನಿಜಾಮರ ಆಳಿಕೆಯಲ್ಲಿ 1880ರ ದಶಕದಲ್ಲಿ ಪಾರಸಿಯ ಸ್ಥಾನಕ್ಕೆ ಉರ್ದು ಬಂದು, 1948ರ ಸೆಪ್ಟೆಂಬರ್ 17ರ ವಿಲೀನದವರೆಗೆ ಆಡಳಿತವೆಲ್ಲ ಆ ಭಾಷೆಯಲ್ಲೇ ನಡೆಯಿತು. ಆದುದರಿಂದ ಆ ಕಾಲದ ನಮ್ಮ ಊರಿನ ಚಿತ್ರಗಳ ಬೆನ್ನಿನ ಬರಹವೂ ಬಹುಮಟ್ಟಿಗೆ ಉರ್ದುವಿನಲ್ಲೇ ಇದೆ. ಚಾಚಾ ಕನ್ನಡಕ ಏರಿಸಿಕೊಂಡು ಓದಿದರು. ನಡುವೆ ಕುಳಿತವರು ಅವ್ವಲ್ ತಾಲೂಕದಾರರು, ಎಂದರೆ ಅಂದಿನ ಜಿಲ್ಲಾಧಿಕಾರಿ. ಕೆಳಗೆ 1345 ಎಂಬ ವರ್ಷ. ಹಿಂದೆ ಒಂದು ಸ್ಮರಣ ಸಂಚಿಕೆಯಲ್ಲಿ ಇದೇ ಅಂಕಿಯನ್ನು ಹಿಜರಿ ಎಂದು ತಿಳಿದು ಕಟ್ಟಡದ ವರ್ಷ 1926 ಎಂದು ಅಚ್ಚು ಹಾಕಿದ್ದರು. ಚಾಚಾ ಅಂಕಿಯ ಪಕ್ಕದ ಚಿಕ್ಕ ಅಕ್ಷರವನ್ನು ತೋರಿಸಿ, ಇದು ಹಿಜರಿಯಲ್ಲ, ಫಸಲಿ ಎಂದರು. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರದಲ್ಲಿ ಆರಂಭವಾಗುತ್ತಿತ್ತು. ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಕ್ರಿಸ್ತಶಕ ದೊರೆಯುತ್ತದೆ. ಹಾಗೆ ಲೆಕ್ಕ ಹಾಕಿದರೆ ಕಟ್ಟಡ 1935-36ರದು. ಒಂದು ಅಕ್ಷರವನ್ನು ಓದಬಲ್ಲವರಿಲ್ಲದೆ ಒಂದು ಶಾಲೆಯ ವಯಸ್ಸಿಗೆ ಒಂಬತ್ತು ವರ್ಷ ಸೇರಿಬಿಟ್ಟಿತ್ತು.

ವಿಚಾರ ಮಾಡಬೇಕಾದದ್ದು ಇಲ್ಲಿಯೇ. ನಮ್ಮ ಮನೆಗಳಲ್ಲಿ ಚಿತ್ರಗಳಿವೆ, ಅವುಗಳ ಬೆನ್ನನ್ನು ಓದುವವರಿಲ್ಲ. ಮೋಮಿನಪುರದಂತಹ ಓಣಿಗಳಲ್ಲಿ ಓದಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ, ಅವರ ಮುಂದೆ ಚಿತ್ರಗಳನ್ನು ಒಯ್ದು ಇಡುವವರಿಲ್ಲ. ಅವರ ಮೊಮ್ಮಕ್ಕಳೂ ಈಗ ಕನ್ನಡ ಇಲ್ಲವೆ ಇಂಗ್ಲಿಷ್ ಶಾಲೆಗಳಲ್ಲಿ ಓದುತ್ತಿದ್ದಾರೆ. ಇಬ್ಬರ ನಡುವಿನ ಈ ದೂರ ಹತ್ತು ವರ್ಷ ಹೀಗೆಯೇ ಉಳಿದರೆ ನಮ್ಮ ಊರಿನ ಅರ್ಧ ಶತಮಾನದ ಇತಿಹಾಸ ಮೂಕವಾಗುತ್ತದೆ. ಇತ್ತ ಚಿತ್ರಗಳೂ ಸುರಕ್ಷಿತವಾಗಿಲ್ಲ. ಸ್ಟುಡಿಯೋ ಮುಚ್ಚಿದಾಗ ಗಾಜಿನ ಫಲಕಗಳನ್ನು ಬಿಸಿನೀರಿನಲ್ಲಿ ತೊಳೆದು, ಮೇಲಿನ ಪದರವನ್ನು ಕೆರೆದು, ಬರಿಯ ಗಾಜೆಂದು ಕಟ್ಟು ಹಾಕುವವರಿಗೆ ಮಾರಿದ್ದನ್ನು ಚಾಚಾ ಕಣ್ಣಾರೆ ಕಂಡಿದ್ದಾರೆ. ಒಂದು ಮನೆತನದ ಮದುವೆಯ ಚಿತ್ರಕ್ಕೆ ಕಟ್ಟಾಗಿ ಹೋದ ಗಾಜಿನ ಮೇಲೆ ಯಾವ ಕಟ್ಟಡದ ಬಾಲ್ಯವಿತ್ತೋ ಬಲ್ಲವರಾರು!

ಅಂದು ಚಾಚಾ ನನ್ನಿಂದ ಒಂದೇ ಒಂದು ಉಪಕಾರ ಕೇಳಿದರು. “ನನ್ನ ಮೊಮ್ಮಕ್ಕಳಿಗಿ ಉರ್ದು ಓದ್ಲಿಕ್ಕಿ ಬರಂಗಿಲ್ಲ. ನೀವು ಕನ್ನಡದಾಗ ಬರ್ದು ಕೊಡ್ರಿ, ಗ್ವಾಡಿ ಕಟ್ಟಿದವ್ರು ಯಾರಂತ.” ನಾನು ಮೆದುವಾದ ಪೆನ್ಸಿಲಿನಿಂದ, ಉರ್ದುವಿನ ಸಾಲುಗಳ ಕೆಳಗೆ, ಅವರ ತಂದೆಯ ಹೆಸರನ್ನೂ ಅವರ ಜೊತೆಗೆ ದುಡಿದ ಇನ್ನು ನಾಲ್ವರ ಹೆಸರನ್ನೂ ಅವರು ಹೇಳಿದಂತೆ ಬರೆದೆ. ಆ ನಾಲ್ವರಲ್ಲಿ ಇಬ್ಬರು ನಮ್ಮ ಭಕ್ತರ ಮನೆತನದವರು, ಒಬ್ಬರು ವಡ್ಡರು, ಒಬ್ಬಳು ಸುಣ್ಣ ಅರೆಯುತ್ತಿದ್ದ ಹೆಣ್ಣುಮಗಳು. ಈ ಹೆಸರುಗಳನ್ನು ಪತ್ರಿಕೆಯಲ್ಲಿ ಪ್ರಕಟಿಸಲೇ ಎಂದು ಕೇಳಿದಾಗ ಚಾಚಾ ಕೈಯಾಡಿಸಿ ಬೇಡವೆಂದರು. ಮನೆಯಲ್ಲಿ ಇದ್ದರೆ ಸಾಕು, ಮೊಮ್ಮಕ್ಕಳು ಓದಿದರೆ ಸಾಕು ಎಂಬುದು ಅವರ ಮಾತಿನ ತಾತ್ಪರ್ಯ. ದಾಸೋಹದ ಮನೆಯಲ್ಲಿ ಉಂಡು ಬೆಳೆದ ನನಗೆ ಆ ನಡತೆ ಪರಕೀಯವೆನಿಸಲಿಲ್ಲ.

ಈ ಪತ್ರಿಕೆಯ ಓದುಗರಲ್ಲಿ ಅನೇಕರು ಮಠಗಳ ಉಚಿತ ಪ್ರಸಾದನಿಲಯಗಳಲ್ಲಿ ಇದ್ದು ವಿದ್ಯೆ ಕಲಿತವರು. ನಮ್ಮ ಪ್ರಸಾದನಿಲಯಗಳೂ ಶಾಲೆಗಳೂ ಹೊಸತಾಗಿದ್ದಾಗ ತೆಗೆದ ಚಿತ್ರಗಳು ನಮ್ಮಲ್ಲಿ ಒಬ್ಬಿಬ್ಬರ ಮನೆಯಲ್ಲಾದರೂ ಇರಲೇಬೇಕು. ಪೂಜ್ಯರು ನಡುವೆ ಕುಳಿತಿರುತ್ತಾರೆ, ದಾನಿಗಳು ಎರಡೂ ಕಡೆ ಇರುತ್ತಾರೆ. ಕಲ್ಲು ಹೊತ್ತ ವಿದ್ಯಾರ್ಥಿಗಳು, ಬಂಡಿಯಲ್ಲಿ ಮರಳು ತಂದ ಒಕ್ಕಲಿಗರು, ಕಟ್ಟುವವರಿಗೆ ರೊಟ್ಟಿ ತಟ್ಟಿದ ತಾಯಂದಿರು ಚಿತ್ರದ ಹೊರಗೆ ಇರುತ್ತಾರೆ. ಅವರನ್ನು ಈಗ ಚಿತ್ರದೊಳಕ್ಕೆ ಕರೆತರುವುದು ಸಾಧ್ಯವಿಲ್ಲ. ಅದರ ಬೆನ್ನಿನ ಮೇಲೆ ಅವರಿಗೆ ಸ್ಥಳ ಕೊಡುವುದು ಸಾಧ್ಯವಿದೆ.

ಈ ಕೆಲಸಕ್ಕೆ ಹಣ ಬೇಡ, ಸಂಸ್ಥೆ ಬೇಡ. ಚಿತ್ರವನ್ನು ಗೋಡೆಯ ತೇವದಿಂದ ದೂರವಿರಿಸಬೇಕು. ಅಂಟು ಹಚ್ಚಬಾರದು, ಶಾಯಿಯಿಂದ ಬರೆಯಬಾರದು. ಮೆದುವಾದ ಪೆನ್ಸಿಲು ಸಾಕು. ಯಾವ ಕಟ್ಟಡ, ಯಾವ ವರ್ಷ, ವರ್ಷ ಹಿಜರಿಯೋ ಫಸಲಿಯೋ ಕ್ರಿಸ್ತಶಕವೋ ಎಂಬುದನ್ನು ಗುರುತಿಸಬೇಕು. ಉರ್ದು ಇಲ್ಲವೆ ಮೋಡಿ ಬರಹವಿದ್ದರೆ ಓದಬಲ್ಲ ನೆರೆಯವರ ಮನೆಗೆ ಹೋಗಿ ಕೇಳಿ, ಅದರ ಕೆಳಗೆ ಕನ್ನಡದಲ್ಲಿ ಬರೆಯಬೇಕು. ಕುಳಿತವರ ಹೆಸರುಗಳಾದ ಮೇಲೆ ಕಟ್ಟಿದವರ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ ತಿಳಿಯಬೇಕು. ಈಗ ಎಲ್ಲರ ಕೈಯಲ್ಲೂ ಮೊಬೈಲು ಇರುವುದರಿಂದ ಚಿತ್ರದ ಎರಡೂ ಬದಿಗಳ ಪ್ರತಿಯನ್ನು ಮಕ್ಕಳಿಂದ ತೆಗೆಸಿಡುವುದು ಕಷ್ಟವಲ್ಲ. ಬಹಳ ಜನ ಮುಂಭಾಗದ ಪ್ರತಿಯನ್ನು ಮಾತ್ರ ತೆಗೆಯುತ್ತಾರೆ. ಹಿಂಭಾಗವನ್ನು ಮರೆಯಬಾರದೆಂದು ವಿಶೇಷವಾಗಿ ಬಿನ್ನವಿಸುತ್ತೇನೆ.

ಮಸೀದಿಯ ರಫಿ, ಪಟ್ಟದಕಲ್ಲಿನ ಅನಿವಾರಿತಾಚಾರಿ, ಬಳ್ಳಿಗಾವೆಯ ದಾಸೋಜ ಇವರನ್ನು ನಾವು ಬಲ್ಲೆವು, ಏಕೆಂದರೆ ಅವರ ಕಾಲದವರು ಬರೆದಿಟ್ಟರು. ನಮ್ಮ ತಂದೆತಾಯಿಗಳ ಕಾಲದ ಗೌಂಡಿಗಳನ್ನು ನಮ್ಮ ಮೊಮ್ಮಕ್ಕಳು ಅರಿಯಬೇಕಾದರೆ ಬರೆದಿಡಬೇಕಾದವರು ನಾವು. ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಲಿ.